ಸೋತವರ ಆಟವನ್ನೂ ಓದಬೇಕು

ಕಾದಂಬರಿ ಓದಿ ವಿಮರ್ಶೆ ಬರೆಯುವವರಿದ್ದಾರೆ, ನಾಟಕ ನೋಡಿ ಬರೆಯುವವರಿದ್ದಾರೆ. ನಾನು ಚದುರಂಗದ ಒಂದು ಪಂದ್ಯದ ಮೇಲೆ ಬರೆಯಹೊರಟಿದ್ದೇನೆ. ಆಳಂದ, ಅಫಜಲಪುರ, ಜೇವರ್ಗಿ ಎಂದು ವರ್ಗವಾಗಿ ಹೋದಲ್ಲೆಲ್ಲ ಬಿಡುವಿನ ವೇಳೆಯಲ್ಲಿ ಹುಡುಗಿಯರಿಗೆ ಈ ಆಟ ಕಲಿಸಿದವಳು ನಾನು. ನನ್ನ ಅಧಿಕಾರ ಅಷ್ಟೇ.

2025ರ ಜುಲೈನಲ್ಲಿ ಜಾರ್ಜಿಯಾ ದೇಶದ ಬಟುಮಿಯಲ್ಲಿ ಮಹಿಳಾ ವಿಶ್ವಕಪ್ ಫೈನಲ್ ನಡೆಯಿತು. ಎದುರುಬದುರು ಕುಳಿತವರಿಬ್ಬರೂ ನಮ್ಮ ದೇಶದವರೇ: ಆಂಧ್ರದ ಕೋನೇರು ಹಂಪಿ, ವಯಸ್ಸು 38, ನಾಗಪುರದ ದಿವ್ಯಾ ದೇಶಮುಖ್, ವಯಸ್ಸು 19. ದಿವ್ಯಾ ಗೆದ್ದಳು, ಆ ಗೆಲುವಿನಿಂದಲೇ ಗ್ರ್ಯಾಂಡ್‌ಮಾಸ್ಟರ್ ಆದಳು, ತಾಯಿಯನ್ನು ತಬ್ಬಿಕೊಂಡು ಅತ್ತಳು. ಅದನ್ನು ಕಂಡು ನನ್ನ ಕಣ್ಣುಗಳೂ ಒದ್ದೆಯಾದವು. ಮರುದಿನ ಶಾಲೆಯಲ್ಲಿ ನನ್ನ ಜೊತೆಯವರೊಬ್ಬರು, "ವಯಸ್ಸಾದ ಮ್ಯಾಲ ಎಲ್ಲಿ ಆಗ್ತದ್ರಿ" ಎಂದು ಹಂಪಿಯವರ ಲೆಕ್ಕ ಮುಗಿಸಿಬಿಟ್ಟರು.

ಆಟವನ್ನೇ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಮೊದಲಿನ ಎರಡು ದೀರ್ಘ ಆಟಗಳೂ ಡ್ರಾ. ಡ್ರಾ ಎಂದರೆ ಏನೂ ಆಗಲಿಲ್ಲ ಎಂದಲ್ಲ. ಒಬ್ಬರು ಹಾಕಿದ ಬಲೆಯನ್ನು ಇನ್ನೊಬ್ಬರು ಕಂಡುಹಿಡಿದರು ಎಂದರ್ಥ. 28ರಂದು ವೇಗದ ಆಟಗಳು: ಒಬ್ಬೊಬ್ಬರಿಗೆ 15 ನಿಮಿಷ, ನಡೆಗೊಮ್ಮೆ 10 ಸೆಕೆಂಡು ಹೆಚ್ಚುವರಿ. ಅದರಲ್ಲೂ ಮೊದಲನೆಯದು ಡ್ರಾ. ಎರಡನೆಯದರಲ್ಲಿ ದಿವ್ಯಾಳದು ಕಪ್ಪು ಕಾಯಿ. ಗಡಿಯಾರದ ಒತ್ತಡದಲ್ಲಿ ಹಂಪಿ ಎಡವಿದರು. ದಿವ್ಯಾ ಎದೆಗುಂದದೆ ಅದನ್ನು ಹಿಡಿದಳು. ಕೊನೆಗೆ 2.5–1.5. ಆ ಹುಡುಗಿಯ ಧೈರ್ಯಕ್ಕೆ ಪೂರ್ಣ ಅಂಕ ಕೊಡುತ್ತೇನೆ. ಸಮಯವನ್ನು ಕೈಯಲ್ಲಿಟ್ಟುಕೊಳ್ಳದೆ ಹೋದದ್ದು ಹಂಪಿಯವರ ತಪ್ಪೇ. ಆದರೆ ಅದನ್ನು ವಯಸ್ಸಿನ ತಪ್ಪೆನ್ನಲಾದೀತೆ? ಏಳು ತಿಂಗಳ ಹಿಂದಷ್ಟೇ, 2024ರ ಡಿಸೆಂಬರಿನಲ್ಲಿ, ನ್ಯೂಯಾರ್ಕಿನಲ್ಲಿ ಇದೇ ವೇಗದ ಆಟದ ವಿಶ್ವಪಟ್ಟ ಗೆದ್ದವರು ಅವರು. ಮಗಳು ಹುಟ್ಟಿದಾಗ ಆಟದಿಂದ ದೂರವಿದ್ದು, ಮತ್ತೆ ಬಂದು ಕುಳಿತವರು.

ಹಿಂದೆ ಜೇವರ್ಗಿಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ತಾಲ್ಲೂಕು ಪಂದ್ಯದಲ್ಲಿ ಸೋತಳು. ಅವಳ ತಾಯಿ ಬಂದು, "ಸೋತಾಳಲ್ರೀ ಟೀಚರ್, ಇನ್ನ ಸಾಕು ಬಿಡ್ರಿ" ಎಂದರು. ಹುಡುಗಿ ಮತ್ತೆ ಮಣೆಯ ಮುಂದೆ ಕೂರಲಿಲ್ಲ. ಅವಳು ನಡೆಗಳನ್ನು ಬರೆದಿಟ್ಟ ನೋಟ್‌ಬುಕ್ ನನ್ನ ಬಳಿಯೇ ಉಳಿದಿದೆ. 30ನೆಯ ನಡೆಯವರೆಗೂ ಅವಳದೇ ಮೇಲುಗೈ. ಅದನ್ನು ಅಂದೇ ಬಿಚ್ಚಿ ಆ ತಾಯಿಗೆ ತೋರಿಸಲಿಲ್ಲವಲ್ಲ ಎಂಬ ಕೊರಗು ನನ್ನಲ್ಲಿ ಇನ್ನೂ ಇದೆ.