ನೆಲ ಅಲುಗದೆ ಮೊಳಗಿದ ಎಚ್ಚರಿಕೆ

2013ರ ಆಗಸ್ಟ್ 8ರ ಸಂಜೆ, ನಾರಾ, ಒಸಾಕಾ ಭಾಗದಲ್ಲಿ 7.8 ತೀವ್ರತೆಯ ಭೂಕಂಪವೆಂದು ಜಪಾನಿನ ಹವಾಮಾನ ಸಂಸ್ಥೆ ಎಚ್ಚರಿಕೆ ಕೊಟ್ಟಿತು. ಫೋನುಗಳು ಅರಚಿದವು, ಬುಲೆಟ್ ರೈಲುಗಳು ನಿಂತವು. ಜನರಿಗೆ ತಿಳಿಯುವಷ್ಟು ನೆಲ ಅಲುಗಲೇ ಇಲ್ಲ. ವಾಕಯಾಮಾದಲ್ಲಿ ಆಗಿದ್ದು 2.3ರ ಕಂಪನ, ಅದೇ ಹೊತ್ತಿಗೆ ಮಿಯೆ ಕರಾವಳಿಯಾಚೆಯ ಸಮುದ್ರತಳದ ಮಾಪಕದಿಂದ ಬಂದ ಗದ್ದಲವನ್ನು ಕಂಪ್ಯೂಟರ್ ಅದರೊಂದಿಗೆ ಸೇರಿಸಿ ಓದಿತ್ತು. ಸಂಸ್ಥೆ ಕ್ಷಮೆ ಕೇಳಿತು, ಕಾರಣವನ್ನೂ ಬಿಡಿಸಿ ಹೇಳಿತು.

ಸುಳ್ಳು ಎಚ್ಚರಿಕೆಗಳನ್ನಷ್ಟೇ ಎಣಿಸಿ ಈ ವ್ಯವಸ್ಥೆಯನ್ನು ಅಳೆಯಲಾಗದು. ಮುಂದೆ ಓಡಿಬರುವ ಪಿ ಅಲೆಯನ್ನು ಹಿಡಿದು, ಹಾನಿ ಮಾಡುವ ಎಸ್ ಅಲೆ ಮುಟ್ಟುವ ಮೊದಲೇ ಜನರಿಗೆ ತಿಳಿಸಬೇಕು. ಸಿಗುವುದು ಕೆಲವೇ ಸೆಕೆಂಡು. ಇನ್ನಷ್ಟು ಮಾಪಕಗಳ ಸಾಕ್ಷಿಗೆ ಕಾದರೆ ತಪ್ಪು ಕಡಿಮೆಯಾದೀತು. ಆದರೆ ಕಂಪನದ ಕೇಂದ್ರದ ಹತ್ತಿರದವರಿಗೆ ಆಗ ಎಚ್ಚರಿಕೆಗಿಂತ ಮೊದಲು ಅಲುಗಾಟವೇ ಬಂದಿರುತ್ತದೆ. 2011ರ ಮಾರ್ಚ್ 11ರ ಮಹಾಕಂಪವನ್ನು ಮೊದಲ ಕ್ಷಣಗಳಲ್ಲಿ ಚಿಕ್ಕದೆಂದು ಅಂದಾಜಿಸಿದ್ದರಿಂದ ಟೋಕಿಯೋ ಇರುವ ಕಾಂತೊ ಪ್ರದೇಶಕ್ಕೆ ಎಚ್ಚರಿಕೆಯೇ ಹೋಗಲಿಲ್ಲ. ನನ್ನ ದೃಷ್ಟಿಯಲ್ಲಿ ಆ ಮೌನ 2013ರ ಕೂಗಿಗಿಂತ ದೊಡ್ಡ ಲೋಪ.

ಹಾಗೆಂದು ಕೂಗಿನ ತಪ್ಪುಗಳನ್ನು ಮನ್ನಿಸಿಬಿಡುವಂತಿಲ್ಲ, ಅವು ಮರುಕಳಿಸುತ್ತವೆ. 2011ರ ಮರುಕಂಪನಗಳ ಕಾಲದಲ್ಲಿ ಬೇರೆಬೇರೆ ಕಡೆ ಒಟ್ಟಿಗೇ ಆದ ಕಂಪನಗಳನ್ನು ಒಂದೇ ಎಂದು ಬಗೆದು ಎಷ್ಟೋ ಸಲ ಸುಳ್ಳು ಎಚ್ಚರಿಕೆ ಮೊಳಗಿತು. 2016ರಲ್ಲಿ ಲೆಕ್ಕದ ಕ್ರಮವನ್ನು ತಿದ್ದಿದರು. ಆದರೂ 2018ರ ಜನವರಿ 5ರಂದು ಇಬರಾಕಿ, ತೊಯಾಮಾಗಳ ಎರಡು ಕಂಪನಗಳು ಲೆಕ್ಕದಲ್ಲಿ ಮತ್ತೆ ಒಂದಾದವು. 2020ರ ಜುಲೈ 30ರಂದು ತೊರಿಶಿಮಾ ದ್ವೀಪದ ಬಳಿಯ ಕಂಪನವನ್ನು ನೂರಾರು ಕಿಲೋಮೀಟರ್ ಉತ್ತರಕ್ಕೆ, ಬೊಸೊ ಕರಾವಳಿಯ ಹತ್ತಿರ ಗುರುತಿಸಲಾಯಿತು. ಆ ಭಾಗದ ದ್ವೀಪ ಮಾಪಕಗಳಲ್ಲಿ ದಾಖಲಾದ ಅಲುಗಾಟ ಅಷ್ಟು ದೂರದಿಂದ ಬಂದದ್ದೆಂದು ಲೆಕ್ಕ ಹಾಕಿದಾಗ ತೀವ್ರತೆ 7.3ಕ್ಕೆ ಉಬ್ಬಿತು. ಇಲ್ಲಿ ಮಾಪಕಗಳು ತಪ್ಪು ಹೇಳಿರಲಿಲ್ಲ, ಕೇಂದ್ರದ ಊಹೆ ತಪ್ಪಿತ್ತು.

2018ರಲ್ಲಿ ಸೇರಿಸಿದ ಪ್ಲಮ್ ವಿಧಾನಕ್ಕೆ ಕೇಂದ್ರದ ಊಹೆಯೇ ಬೇಡ. ಸುತ್ತಲ 30 ಕಿಲೋಮೀಟರಿನೊಳಗಿನ ಮಾಪಕ ಜೋರಾಗಿ ಅಲುಗಿದರೆ ಇಲ್ಲಿಗೂ ಅಲುಗಾಟ ಬರುತ್ತದೆಂದು ಅದು ಎಣಿಸುತ್ತದೆ. ಬಿಡುವು ಕಡಿಮೆ, ನಂಬಿಕೆ ಹೆಚ್ಚು. ಆದರೆ ಹಳೆಯ ವಿಧಾನವೂ ಜೊತೆಗೇ ನಡೆಯುತ್ತದೆ, ಎರಡರಲ್ಲಿ ಹೆಚ್ಚು ಅಲುಗಾಟ ತೋರಿಸಿದ್ದನ್ನೇ ಎಚ್ಚರಿಕೆಗೆ ಬಳಸುತ್ತಾರೆ. ಹಾಗಾಗಿ ಪ್ಲಮ್ ಮೌನದಿಂದ ಕಾಪಾಡೀತು, ಸುಳ್ಳು ಕೂಗಿನಿಂದಲ್ಲ. ಇದು ತಿಳಿದೇ ಮಾಡಿದ ಆಯ್ಕೆ, ಸರಿಯಾದ ಆಯ್ಕೆಯೂ ಹೌದು.

ಸುಳ್ಳು ಕೂಗು ಜಪಾನಿಗಷ್ಟೇ ಸೀಮಿತವಲ್ಲ. 2025ರ ಫೆಬ್ರವರಿಯ ಒಂದು ರಾತ್ರಿ ಬ್ರೆಜಿಲ್‌ನಲ್ಲಿ ಗೂಗಲ್‌ನ ಆಂಡ್ರಾಯ್ಡ್ ಫೋನುಗಳ ಎಚ್ಚರಿಕೆ ಇಲ್ಲದ ಭೂಕಂಪಕ್ಕೆ ಜನರನ್ನು ಎಬ್ಬಿಸಿತು. ಕಂಪನಿ ಕ್ಷಮೆ ಕೇಳಿ ಅಲ್ಲಿ ಸೇವೆಯನ್ನು ನಿಲ್ಲಿಸಿತು. ಜಪಾನಿಗೆ ನಿಲ್ಲಿಸುವ ದಾರಿಯಿಲ್ಲ. ಯಾವ ಸಂಕೇತ, ಯಾವ ಲೆಕ್ಕ ದಾರಿ ತಪ್ಪಿಸಿತೆಂದು ಅದು ಪ್ರತಿ ಸಲ ಜನರ ಮುಂದಿಡುತ್ತದೆ. ಫೋನು ಕಂಪನಿಗಳಿಂದಲೂ ಅಷ್ಟೇ ವಿವರವನ್ನು ಸರ್ಕಾರಗಳು ಕೇಳಿ ಪಡೆಯಬೇಕು.