ತೆನೆ ಮತ್ತು ಬಲಿಪೂಜೆ: ಮೊಂತಿ ಹಬ್ಬದ ವಿಮರ್ಶೆ

ಕರಾವಳಿ ಕರ್ನಾಟಕದ ಕೊಂಕಣಿ ಕ್ಯಾಥೊಲಿಕರು ಪ್ರತಿ ವರ್ಷ ಸೆಪ್ಟೆಂಬರ್ 8ರಂದು ಆಚರಿಸುವ ಮೊಂತಿ ಹಬ್ಬಕ್ಕೆ ಎರಡು ಮುಖಗಳಿವೆ. ಚರ್ಚಿನ ಪಂಚಾಂಗದಲ್ಲಿ ಅದು ಯೇಸುವಿನ ತಾಯಿ ಮರಿಯಮ್ಮನವರ ಜನ್ಮದಿನ. ಮನೆಯ ಲೆಕ್ಕದಲ್ಲಿ ಹೊಸ ಅಕ್ಕಿಯ ಊಟದ ದಿನ, ಅಂದರೆ ಕೊಂಕಣಿಯ ‘ನೊವೆಂ’, ತುಳುವಿನ ‘ಕುರಲ್ ಪರ್ಬ’, ಕನ್ನಡದ ತೆನೆ ಹಬ್ಬ. ಕ್ರೈಸ್ತ ಹಬ್ಬಗಳಲ್ಲಿ ಧಾರ್ಮಿಕ ಅರ್ಥಕ್ಕೂ ಲೌಕಿಕ ಸಂಪ್ರದಾಯಕ್ಕೂ ಇರುವ ನಂಟನ್ನು ಸಾಮಾನ್ಯವಾಗಿ ಕ್ರಿಸ್‌ಮಸ್ಸಿನ ಉದಾಹರಣೆಯಿಂದ ಚರ್ಚಿಸಲಾಗುತ್ತದೆ. ಅಲ್ಲಿ ಗೋದಲಿಯನ್ನು ಅಂಗಡಿ ಬೀದಿಯ ವ್ಯಾಪಾರ ಮರೆಮಾಡುತ್ತಿದೆ ಎಂಬ ದೂರು ಹಳೆಯದು. ಮೊಂತಿ ಹಬ್ಬದ ಪ್ರಶ್ನೆ ಅದಕ್ಕಿಂತ ಸೂಕ್ಷ್ಮವಾದುದು, ಏಕೆಂದರೆ ಇಲ್ಲಿ ಲೌಕಿಕವೆನಿಸಿಕೊಂಡ ಸುಗ್ಗಿಯ ಸಂಭ್ರಮವು ಈ ನೆಲದಲ್ಲಿ ಚರ್ಚಿಗಿಂತಲೂ ಮೊದಲೇ ಇದ್ದುದು.

ಮರಿಯಮ್ಮನವರ ಜನನದ ವಿವರ ಬೈಬಲಿನ ನಾಲ್ಕು ಶುಭಸಂದೇಶಗಳಲ್ಲಿ ಎಲ್ಲಿಯೂ ಸಿಗುವುದಿಲ್ಲ. ಜೋಕಿಮ್ ಮತ್ತು ಅನ್ನಮ್ಮ ಎಂಬ ತಂದೆತಾಯಿಯ ಹೆಸರುಗಳೂ, ಬಹುಕಾಲ ಮಕ್ಕಳಿಲ್ಲದೆ ಕೊರಗಿದವರಿಗೆ ಮಗಳು ಹುಟ್ಟಿದ ಕಥೆಯೂ 2ನೆಯ ಶತಮಾನದ ‘ಯಾಕೋಬನ ಆದಿಶುಭಸಂದೇಶ’ ಎಂಬ, ಬೈಬಲಿಗೆ ಸೇರದ ಗ್ರಂಥದಿಂದ ಬಂದವು. ಜೆರುಸಲೇಮಿನಲ್ಲಿ ಮೊದಲಾದ ಈ ಹಬ್ಬ 7ನೆಯ ಶತಮಾನದ ಕೊನೆಗೆ, ಪೋಪ್ ಮೊದಲನೆಯ ಸರ್ಜಿಯಸರ ಕಾಲದಲ್ಲಿ, ರೋಮಿನಲ್ಲಿ ಮೆರವಣಿಗೆಯೊಂದಿಗೆ ನೆಲೆಯೂರಿತ್ತು. ಅದಕ್ಕೆ ತೆನೆಯನ್ನು ಜೋಡಿಸಿದ್ದು ಕೊಂಕಣ ಕರಾವಳಿ. ನೇತ್ರಾವತಿಯ ದಂಡೆಯ ಫರಂಗಿಪೇಟೆಯಲ್ಲಿರುವ ಮೊಂತೆ ಮರಿಯಾನೊ ಚರ್ಚಿನಲ್ಲಿ 1763ರಲ್ಲಿ ಗೋವೆಯ ಧರ್ಮಗುರು ಜೋಕಿಮ್ ಮಿರಾಂದ ಈ ಆಚರಣೆಯನ್ನು ಆರಂಭಿಸಿದರೆಂದು ಸಮುದಾಯದ ಇತಿಹಾಸ ಹೇಳುತ್ತದೆ.

ಆ ಕಾಲದ ಹಿನ್ನೆಲೆಯಲ್ಲಿಟ್ಟು ನೋಡಿದರೆ ಇದು ಸಣ್ಣ ಹೆಜ್ಜೆಯಲ್ಲ. 1560ರಲ್ಲಿ ಗೋವೆಯಲ್ಲಿ ಸ್ಥಾಪನೆಯಾದ ಇನ್‌ಕ್ವಿಸಿಶನ್, ಎಂದರೆ ಮತನಿಷ್ಠೆಯನ್ನು ವಿಚಾರಿಸಿ ಶಿಕ್ಷಿಸುವ ಚರ್ಚಿನ ನ್ಯಾಯಮಂಡಲಿ, 1736ರ ಶಾಸನವೊಂದರಲ್ಲಿ ಮತಾಂತರಗೊಂಡವರು ಮದುವೆಯಲ್ಲಿ, ಹೆರಿಗೆಯಲ್ಲಿ, ಸಾವಿನಲ್ಲಿ ಉಳಿಸಿಕೊಂಡಿದ್ದ ಊರಿನ ರೂಢಿಗಳನ್ನು ಒಂದೊಂದಾಗಿ ಹೆಸರಿಸಿ ನಿಷೇಧಿಸಿತ್ತು. ಮದುವೆಮನೆಯ ಹಾಡು, ವೀಳ್ಯದೆಲೆ, ಅಂಗಳದ ತುಳಸಿ ಯಾವುದನ್ನೂ ಅದು ಬಿಟ್ಟಿರಲಿಲ್ಲ. ಇಂಥ ಕಟ್ಟಳೆಗಳಿಂದಲೂ ಬರದಿಂದಲೂ ಮರಾಠರ ದಾಳಿಗಳಿಂದಲೂ ಬೇಸತ್ತು ತೆಂಕಣಕ್ಕೆ ಬಂದ ಜನರ ನಡುವೆ, ಆ ಶಾಸನದ ನೆನಪಿನ್ನೂ ಹಸಿಯಾಗಿದ್ದಾಗಲೇ, ಗೋವೆಯ ಧರ್ಮಗುರುವೊಬ್ಬರು ಗದ್ದೆಯ ತೆನೆಯನ್ನು ಇಗರ್ಜಿಯೊಳಗೆ ಬರಮಾಡಿಕೊಂಡರು. 1784ರಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದ ಸಮುದಾಯ 1799ರ ನಂತರ ಮರಳಿ ಬಂದು ಈ ಹಬ್ಬವನ್ನು ಮತ್ತೆ ಎತ್ತಿಕೊಂಡಿತೆಂಬುದು, ಅದು ಮೇಲಿನಿಂದ ಹೇರಿದ ವಿಧಿಯಾಗಿ ಉಳಿದಿರಲಿಲ್ಲವೆಂಬುದಕ್ಕೆ ಸಾಕಷ್ಟು ಸಾಕ್ಷಿ.

ಸುಗ್ಗಿಯ ಸಂಭ್ರಮದಲ್ಲಿ ಮರಿಯಮ್ಮನವರು ಮರೆಯಾಗುತ್ತಾರೆ ಎಂಬ ಆಕ್ಷೇಪ ಇಂಥ ಹಬ್ಬಗಳಿಗೆ ಎದುರಾಗುವಂಥದ್ದು. ಆಚರಣೆಯ ಕ್ರಮವನ್ನು ಹತ್ತಿರದಿಂದ ಗಮನಿಸಿದರೆ ಅದು ನಿಲ್ಲುವುದಿಲ್ಲ. ಆಗಸ್ಟ್ 30ರಿಂದ ಒಂಬತ್ತು ದಿನ ನಡೆಯುವ ನೊವೆನಾ ಪ್ರಾರ್ಥನೆಗೆ ಮಕ್ಕಳು ಬುಟ್ಟಿಗಳಲ್ಲಿ ಹೂ ತಂದು ಬಾಲೆ ಮರಿಯಮ್ಮನ ಪ್ರತಿಮೆಗೆ ಎರಚುತ್ತಾರೆ. ಮಳೆ ಹಿಂದೆ ಸರಿಯುವ ಆ ದಿನಗಳಲ್ಲಿ ಬೇಲಿಯಲ್ಲಿ, ಹಿತ್ತಿಲಲ್ಲಿ ಅರಳಿದ ಹೂಗಳೇ ಅವು. ಹಬ್ಬದ ಬೆಳಿಗ್ಗೆ ತೆನೆಯ ಕಟ್ಟುಗಳನ್ನು ಆಶೀರ್ವದಿಸಿ, ಮೆರವಣಿಗೆಯಲ್ಲಿ ಚರ್ಚಿಗೆ ಒಯ್ದು, ಬಲಿಪೂಜೆಯ ನಂತರ ಪ್ರತಿ ಕುಟುಂಬಕ್ಕೂ ಹಂಚಲಾಗುತ್ತದೆ. ಮಕ್ಕಳ ಕೈಗೆ ಕಬ್ಬಿನ ತುಂಡು ಬರುತ್ತದೆ. ಮನೆಗೆ ಬಂದ ತೆನೆ ಮೊದಲು ದೇವರ ಪೀಠದ ಮುಂದೆ ಇಡಲ್ಪಡುತ್ತದೆ. ಪ್ರಾರ್ಥನೆಯಾದ ಮೇಲೆ ಹಿರಿಯರು ಅದರ ಕೆಲವು ಕಾಳುಗಳ ಸಿಪ್ಪೆ ಸುಲಿದು, ಜಜ್ಜಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಕೊಡುತ್ತಾರೆ. ಅದು ಬಾಯಿಗೆ ಸೋಕುವವರೆಗೆ ಊಟ ಆರಂಭವಾಗುವುದಿಲ್ಲ. ಗದ್ದೆಯಿಂದ ತೆನೆ ಬಾರದೆ ಚರ್ಚಿನ ವಿಧಿ ನಡೆಯದು, ಚರ್ಚಿನಿಂದ ತೆನೆ ಬಾರದೆ ಮನೆಯ ಊಟ ನಡೆಯದು. ಎರಡು ಅರ್ಥಗಳನ್ನು ಅಕ್ಕಪಕ್ಕದಲ್ಲಿ ಇರಿಸಿ ಸುಮ್ಮನಾಗದೆ, ಒಂದಕ್ಕೆ ಇನ್ನೊಂದರ ಹಂಗು ಇರುವಂತೆ ಕಟ್ಟಿರುವುದೇ ಈ ಆಚರಣೆಯ ದೊಡ್ಡ ಸಾಧನೆ.

ಊಟದ ವಿಷಯವೂ ಇಷ್ಟೇ ಅರ್ಥಪೂರ್ಣ. ಮೀನಿಲ್ಲದೆ ಊಟವಿಲ್ಲವೆನ್ನುವ ಸಮುದಾಯ ಅಂದು ಬಾಳೆ ಎಲೆಯ ಮೇಲೆ ತರಕಾರಿ ಪದಾರ್ಥಗಳನ್ನಷ್ಟೇ ಬಡಿಸುತ್ತದೆ, ಅವುಗಳ ಸಂಖ್ಯೆ ಬೆಸವಾಗಿರಬೇಕೆಂಬ ರೂಢಿಯೂ ಇದೆ. ಆ ದಿನ ಮಾಂಸ ವರ್ಜಿಸಬೇಕೆಂದು ಚರ್ಚಿನ ಯಾವ ನಿಯಮವೂ ಹೇಳುವುದಿಲ್ಲವಾದ್ದರಿಂದ, ಇದು ನೆರೆಹೊರೆಯ ಹೊಸ ಅಕ್ಕಿ ಊಟದ ಜೊತೆಗೆ ಹಂಚಿಕೊಂಡ ರೂಢಿಯೆಂದು ತಿಳಿಯುವುದು ಸರಿ. ಇದರಿಂದ ಹಬ್ಬದ ಕ್ರೈಸ್ತತನ ತೆಳುವಾಯಿತೆಂದು ಭಾವಿಸುವವರು ಧರ್ಮೋಪದೇಶಕಾಂಡದ 26ನೆಯ ಅಧ್ಯಾಯವನ್ನು ಓದಬೇಕು: ನೆಲದ ಮೊದಲ ಫಲವನ್ನು ಪುಟ್ಟಿಯಲ್ಲಿಟ್ಟು ಯಾಜಕನ ಕೈಗೆ ಒಪ್ಪಿಸಿ, ಮನೆಯವರೊಂದಿಗೂ ನಡುವೆ ನೆಲೆಸಿರುವ ಪರಕೀಯನೊಂದಿಗೂ ಸಂತೋಷಪಡಬೇಕೆಂಬ ವಿಧಿ ಅಲ್ಲಿದೆ. ಎರಡನೆಯ ವ್ಯಾಟಿಕನ್ ಸಭೆ 1963ರಲ್ಲಿ ಹೊರಡಿಸಿದ ಆರಾಧನಾ ಶಾಸನದಲ್ಲಿ, ನಂಬಿಕೆಗೆ ಧಕ್ಕೆಯಾಗದ ಕಡೆ ಏಕರೂಪತೆಯನ್ನು ಹೇರಬಾರದು, ಜನಾಂಗಗಳ ಒಳ್ಳೆಯ ರೂಢಿಗಳನ್ನು ಆರಾಧನೆಗೆ ಸೇರಿಸಿಕೊಳ್ಳಬಹುದು ಎಂದು ಒಪ್ಪಿಕೊಂಡ ಮಾತನ್ನು ಈ ಕರಾವಳಿ ಇನ್ನೂರು ವರ್ಷ ಮೊದಲೇ ನಡೆಸಿ ತೋರಿಸಿತ್ತು.

ಹಾಗಾದರೆ ಈ ಹಬ್ಬದಲ್ಲಿ ಕೊರತೆಯೇ ಇಲ್ಲವೆ? ಇದೆ, ಅದು ಬಂದಿರುವುದು ನಿರೀಕ್ಷಿಸದ ದಿಕ್ಕಿನಿಂದ. ಭಾರತದ ಕ್ಯಾಥೊಲಿಕ್ ಚರ್ಚ್ ಇದೇ ದಿನವನ್ನು ಹೆಣ್ಣುಮಗುವಿನ ದಿನವೆಂದೂ ಆಚರಿಸುತ್ತಿರುವುದು ಧಾರ್ಮಿಕ ಅರ್ಥಕ್ಕೆ ಸಮಕಾಲೀನ ಬಲ ತಂದಿದೆ. ಅದು ಪ್ರವಚನದಲ್ಲಿ ಮುಗಿದುಹೋಗದೆ ಮನೆಯ ಪಂಕ್ತಿಗೂ ತಲುಪಬೇಕಾದುದು ಬೇರೆ ಮಾತು. ಸೊರಗುತ್ತಿರುವುದು ಗದ್ದೆ. ಮಳೆಗಾಲದ ಏಣೆಲು ಬೆಳೆಯ ಗದ್ದೆಗಳು ಕಂಗಿನ ತೋಟವಾಗಿ, ನಿವೇಶನವಾಗಿ, ಇಲ್ಲವೆ ಉಳುವವರಿಲ್ಲದೆ ಹಡಿಲು ಬಿದ್ದಿವೆ. ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳಿಗೆ ಹೋದ ಮಂಗಳೂರಿಗರು ಹಬ್ಬವನ್ನು ಜೊತೆಯಲ್ಲಿ ಒಯ್ದದ್ದು ಮೆಚ್ಚತಕ್ಕದ್ದೇ. ಅಲ್ಲಿ ತೆನೆಯೊಂದು ಊರಿನ ಗುರುತಾಗಿ ನಿಲ್ಲುವುದೂ ಸಹಜ. ಆದರೆ ಊರಿನಲ್ಲಿಯೇ ತೆನೆಯನ್ನು ದೂರದ ಯಾರದೋ ಗದ್ದೆಯಿಂದ ತರಿಸಿ, ಊಟವನ್ನು ಕೇಟರಿಂಗ್‌ನವರಿಂದ ಕಟ್ಟಿಸಿಕೊಂಡು ಬರುವ ಪರಿಸ್ಥಿತಿಯಲ್ಲಿ, ಬೆಳೆಗಾಗಿ ಸಲ್ಲಿಸುವ ಕೃತಜ್ಞತೆ ಬೆಳೆಯದವರ ಬಾಯಲ್ಲಿ ಬರಿಯ ಪಾಠವಾಗಿಬಿಡುತ್ತದೆ. ಲೌಕಿಕದ ಅಬ್ಬರದಿಂದ ಧರ್ಮಕ್ಕೆ ಕುತ್ತು ಬರುತ್ತದೆಂಬ ಸಾಮಾನ್ಯ ಭಯ ಇಲ್ಲಿ ತಲೆಕೆಳಗಾಗಿದೆ. ಧಾರ್ಮಿಕ ವಿಧಿ ಚಾಚೂ ತಪ್ಪದೆ ಉಳಿದು, ಅದಕ್ಕೆ ಅನ್ನ ಕೊಟ್ಟ ಲೌಕಿಕವೇ ಕಳಚಿಹೋಗುತ್ತಿದೆ.

ಇನ್ನೊಂದು ಕೊರತೆಯನ್ನೂ ಹೇಳಬೇಕು. ಮೊಂತಿ ಹಬ್ಬವನ್ನು ‘ಕುಟುಂಬದ ಹಬ್ಬ’ವೆಂದು ಕೊಂಡಾಡುವ ರೂಢಿ ಬೆಳೆದಂತೆ, ಗದ್ದೆಯಲ್ಲಿ ನಾಟಿ ಮಾಡಿ ಕೊಯ್ಯುವ ಕೈಗಳು, ಅವುಗಳಲ್ಲಿ ಹೆಚ್ಚಿನವು ಬೇರೆ ಜಾತಿ ಮತದವರವು, ಮಾತಿನಿಂದ ಹೊರಗುಳಿಯುತ್ತವೆ. ಪರಕೀಯನನ್ನೂ ಪಂಕ್ತಿಗೆ ಕರೆಯುವ ಬೈಬಲಿನ ವಿಧಿಗೂ, ಹೊಸ ಅಕ್ಕಿಯ ಸಂಭ್ರಮವನ್ನು ತಾವೂ ಆಚರಿಸುವ ತುಳು ನೆರೆಹೊರೆಗೂ ಇದು ಒಪ್ಪುವುದಿಲ್ಲ.

ಕರಾವಳಿಯ ಹಲವು ಚರ್ಚುಗಳಿಗೆ ಸ್ವಂತ ಭೂಮಿಯಿದೆ, ಸುತ್ತಲೂ ಹಡಿಲು ಗದ್ದೆಗಳಿವೆ. ಪ್ರತಿಯೊಂದು ಚರ್ಚೂ ತನ್ನ ಹಬ್ಬದ ತೆನೆಗೆ ಬೇಕಾದಷ್ಟಾದರೂ ಗದ್ದೆಯನ್ನು ಊರಿನ ಕೃಷಿ ಕಾರ್ಮಿಕರೊಂದಿಗೆ ಸೇರಿ ಬೇಸಾಯ ಮಾಡಲಿ, ಜೂನ್ ತಿಂಗಳ ನಾಟಿಗೆ ಮಕ್ಕಳನ್ನು ಕರೆದೊಯ್ಯಲಿ, ಸೆಪ್ಟೆಂಬರ್ 8ರ ಎಲೆಯೂಟಕ್ಕೆ ಆ ಗದ್ದೆಯಲ್ಲಿ ದುಡಿದವರನ್ನು ಕರೆಯಲಿ.