ಮೋತ್ಯಾರಾಯರ ಚಿತ್ರಕ್ಕೊಂದು ಚೌಪದಿ: ಸಾಲುಸಾಲಿನ ವ್ಯಾಖ್ಯಾನ

ಪುಣೆ ಜಿಲ್ಲೆ ದೌಂಡ್ ತಾಲ್ಲೂಕಿನ ಕುರಕುಂಭ ಎಂದರೆ ಪುಣೆ–ಸೊಲ್ಲಾಪುರ ಹೆದ್ದಾರಿ, ಎಂಐಡಿಸಿ ಕೈಗಾರಿಕಾ ವಲಯದ ರಾಸಾಯನಿಕ ಕಾರ್ಖಾನೆಗಳು, ಹಗಲೂ ರಾತ್ರಿಯೂ ಓಡುವ ಲಾರಿಗಳು. ಇಲ್ಲಿನ ಒಂದು ಮನೆಯ ನಾಯಿ ಮೋತ್ಯಾ. ಅದರ ಚಿತ್ರವನ್ನು ಬೆಂಕಿಪೊಟ್ಟಣದಷ್ಟೇ ಅಗಲದ ದಪ್ಪ ಕಾಗದದ ಮೇಲೆ ಬರೆದು, ಕೆಳಗೆ ಈ ನಾಲ್ಕು ಸಾಲು ಹೊಂದಿಸಿದೆ.

ಹೊಟ್ಟೆಯು ಬೆನ್ನಿಗೆ ಹತ್ತಿದರೇನು, ಮೋತ್ಯಾರಾಯರ ಸೊಕ್ಕು!
ಅಟ್ಟುತ ಲಾರಿಯ ಹಿಡಿಯುವರಿವರು ಸೊಲ್ಲಾಪುರದಾ ದಿಕ್ಕು;
ಕಟ್ಟೆಯ ಮೇಲಿಂದಿಳಿದರೆ ಮೆಲ್ಲಗೆ ಪಕ್ಕದ ಮನೆಯಾ ಬೆಕ್ಕು
ತಟ್ಟನೆ ನೆನಪಾಗುವುದೊಳಗಿರುವಾ ಭಕ್ಕರಿಯೊಂದರ ಮುಕ್ಕು.

ಹೊಟ್ಟೆಯು ಬೆನ್ನಿಗೆ ಹತ್ತಿದರೇನು, ಮೋತ್ಯಾರಾಯರ ಸೊಕ್ಕು!

ಮೋತ್ಯಾ ಹಸಿದ ನಾಯಿಯಲ್ಲ. ಅದು ಮುಧೋಳ ತಳಿ. ಮಹಾರಾಷ್ಟ್ರದಲ್ಲಿ ಇದನ್ನೇ ಕಾರವಾನಿ ಎನ್ನುತ್ತಾರೆ. ಉದ್ದ ಮೂತಿ, ಆಳವಾದ ಎದೆ, ಒಳಗೆ ಸೇರಿದ ಹೊಟ್ಟೆ, ಕಡ್ಡಿಯಂಥ ಕಾಲು: ಓಟಕ್ಕೆಂದೇ ಬಂದ ಮೈಕಟ್ಟು. ಚಿಕ್ಕ ಚಿತ್ರದಲ್ಲಿ ಈ ತಳಿಯನ್ನು ಗುರುತಿಸುವಂತೆ ಮಾಡುವುದು ಎದೆಯಿಂದ ಸೊಂಟಕ್ಕೆ ಏರುವ ಒಂದೇ ಗೆರೆ. ಆ ಗೆರೆ ಸರಿ ಬಿದ್ದರೆ ಉಳಿದದ್ದು ತಾನಾಗಿ ಕೂಡಿಬರುತ್ತದೆ; ಅದು ತಪ್ಪಿದರೆ ಎಷ್ಟು ಕೂದಲು ಬಿಡಿಸಿದರೂ ಬೀದಿಯ ಯಾವುದೋ ನಾಯಿ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ನಾಲ್ಕು ದೇಶೀ ನಾಯಿತಳಿಗಳ ಅಂಚೆಚೀಟಿ ತಂದಾಗ ಮುಧೋಳಕ್ಕೂ ಒಂದು ಚೀಟಿ ಸಿಕ್ಕಿತು. ಪುಟ್ಟ ಚಿತ್ರ ಕಲಿಯುವವರು ಅದನ್ನು ಹುಡುಕಿ ನೋಡಬೇಕು.

'ರಾಯರ' ಎಂಬ ಬಹುವಚನಕ್ಕೆ ನಮ್ಮ ನಾಡಿನಲ್ಲೇ ದೊಡ್ಡ ಆಧಾರವಿದೆ. ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹ (ಆಳ್ವಿಕೆ 1580–1627) ತನ್ನ ಮೆಚ್ಚಿನ ಆನೆಗೆ 'ಆತಶ್ ಖಾನ್' ಎಂದು ಸರದಾರನ ಬಿರುದು ಸೇರಿಸಿ ಹೆಸರಿಟ್ಟಿದ್ದ. ತಾನೇ ರಚಿಸಿದ 'ಕಿತಾಬ್-ಎ-ನವರಸ್' ಎಂಬ ಹಾಡುಗಳ ಹೊತ್ತಗೆಯಲ್ಲಿ ಅದನ್ನು ಕೊಂಡಾಡಿದ. ಆಸ್ಥಾನದ ಚಿತ್ರಕಾರರು ಅದನ್ನು ಪುಟ್ಟ ಹಾಳೆಗಳ ಮೇಲೆ ಬರೆದರು. ಸಾಕುಪ್ರಾಣಿಯ ಕಿರುಚಿತ್ರವೂ ಪದ್ಯವೂ ಜೊತೆಗೂಡಿದ್ದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಬೇಕಿಲ್ಲ. ಮರ್ಯಾದೆ ಕೊಟ್ಟು ಕರೆದ ಪ್ರಾಣಿಯನ್ನು ಕಂಡು ನಕ್ಕಾಗ ಆ ನಗೆಯಲ್ಲಿ ಪ್ರೀತಿ ಇರುತ್ತದೆ. 'ಪೆದ್ದ', 'ತಿಂಡಿಪೋತ' ಎಂದು ಬರೆದ ಪದ್ಯಗಳು ಒಂದು ದಿನಕ್ಕೆ ಹಳಸುತ್ತವೆ.

ಅಟ್ಟುತ ಲಾರಿಯ ಹಿಡಿಯುವರಿವರು ಸೊಲ್ಲಾಪುರದಾ ದಿಕ್ಕು;

ಚಿತ್ರದಲ್ಲಿ ಲಾರಿ ಇಲ್ಲ, ರಸ್ತೆಯೂ ಇಲ್ಲ. ಅಷ್ಟು ಚಿಕ್ಕ ಕಾಗದದಲ್ಲಿ ಲಾರಿ ಬಿಡಿಸಿದರೆ ನಾಯಿ ಇರುವೆಯಾದೀತು. ಕುಂಚಕ್ಕೆ ಆಗದ್ದನ್ನು ಪದ್ಯ ಹೊರಬೇಕು. ಇಲ್ಲಿಂದ ಸೊಲ್ಲಾಪುರ ನೂರೈವತ್ತು ಕಿಲೋಮೀಟರಿಗೂ ಹೆಚ್ಚು. ಮೋತ್ಯಾ ಓಡುವುದು ಪಕ್ಕದ ಚಹಾದಂಗಡಿಯವರೆಗೆ. ದಿಕ್ಕನ್ನಷ್ಟೇ ಹೇಳಿ ದೂರವನ್ನು ಬಿಟ್ಟಿದ್ದರಿಂದ ಸಾಲಿಗೆ ಆಟ ಬಂತು. ಇಲ್ಲಿ ನೆಲೆಸಿದ ನಮ್ಮ ಕನ್ನಡದ ಮನೆಯವರಿಗೆ ಆ ದಿಕ್ಕು ಊರಿನ ದಿಕ್ಕೂ ಹೌದು: ಸೊಲ್ಲಾಪುರ ದಾಟಿದರೆ ವಿಜಯಪುರ, ಕಲಬುರಗಿ. ಅದನ್ನು ಪದ್ಯದಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಕಟ್ಟೆಯ ಮೇಲಿಂದಿಳಿದರೆ ಮೆಲ್ಲಗೆ ಪಕ್ಕದ ಮನೆಯಾ ಬೆಕ್ಕು

ಬೆಕ್ಕನ್ನೂ ಬರೆದಿಲ್ಲ. ಬರೆದದ್ದು ಮೋತ್ಯಾನ ಬಲಗಿವಿಯ ತುದಿ ಒಂದಿಷ್ಟು ಹಿಂದಕ್ಕೆ ತಿರುಗಿದ್ದನ್ನು. ಬ್ರಶ್ಶಿನ ನೀರನ್ನೆಲ್ಲ ಬಟ್ಟೆಗೆ ಒರೆಸಿ, ತುದಿಯ ಎರಡು ಮೂರು ಕೂದಲಲ್ಲಷ್ಟೇ ಬಣ್ಣ ಉಳಿಸಿಕೊಂಡು, ಉಸಿರು ಬಿಗಿಹಿಡಿದು ಎಳೆದ ಗೆರೆ ಅದು. ಎರಡನೆಯ ಸಾಲಿನವರೆಗೆ ಓದಿದವರಿಗೆ ಆ ಕಿವಿ ಕಾಣುವುದಿಲ್ಲ. ಮೂರನೆಯದನ್ನು ಓದಿ ಮತ್ತೆ ಚಿತ್ರ ನೋಡಿದಾಗ ಕಾಣುತ್ತದೆ. ಪದ್ಯ ಓದುಗನನ್ನು ಚಿತ್ರಕ್ಕೆ ಮರಳಿ ಕಳಿಸಬೇಕು. ಈ ಕಲೆಯ ಜೀವಾಳವೇ ಇದು. ನಾಯಿಯ ಬಣ್ಣ, ಕೊರಳಪಟ್ಟಿ, ಬಾಲ ಎಂದು ಚಿತ್ರದಲ್ಲಿರುವುದನ್ನೇ ಒಪ್ಪಿಸುವ ಪದ್ಯ ಜಾಗ ತಿನ್ನುತ್ತದೆ, ಅಷ್ಟೇ.

ತಟ್ಟನೆ ನೆನಪಾಗುವುದೊಳಗಿರುವಾ ಭಕ್ಕರಿಯೊಂದರ ಮುಕ್ಕು.

ಲಾರಿಗೆ ಹೆದರದವರು ಬೆಕ್ಕಿಗೆ ಹೆದರಿದರು ಎಂದು ನೇರ ಬರೆದಿದ್ದರೆ ರಾಯರ ಮಾನ ಹೋಗುತ್ತಿತ್ತು. ಜೋಳದ ಭಕ್ಕರಿ ನೆನಪಾಯಿತು ಎಂದರೆ ಗೌರವದಿಂದಲೇ ಒಳಗೆ ಹೋಗಬಹುದು. ನಾಲ್ಕು ಸಾಲಿಗೂ ಆದಿಯಲ್ಲಿ 'ಟ್ಟ', ಅಂತ್ಯದಲ್ಲಿ 'ಕ್ಕು' ಹಿಡಿದದ್ದು ಮಕ್ಕಳ ಬಾಯಿಗೆ ಬೇಗ ಹತ್ತಲಿ ಎಂದು. ಹೆಜ್ಜೆ ನಾಲ್ಕು ಮಾತ್ರೆಯದು, ಚಪ್ಪಾಳೆಗೆ ಹೊಂದುತ್ತದೆ.

ಈ ಸಾಲು ಬರೆಯುವಾಗ ನನ್ನ ಮನಸ್ಸಿನಲ್ಲಿದ್ದದ್ದು ಇನ್ನೊಂದು ನಾಯಿ. ಅದರ ಕಥೆ ಇರುವುದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನದಲ್ಲಿ; ಅದು ಕ್ರಿ.ಶ. 949–50ರದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳರ ಮೇಲೆ ಕಾದಿದ. ಅಲ್ಲಿ ತನ್ನ ಕಡೆಯ ವೀರ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಬೂತುಗ 'ಬೇಕಾದ್ದು ಕೇಳು' ಎಂದಾಗ ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಹೋರಾಡಿತು, ಎರಡೂ ಸತ್ತವು. ಮಣಲೇರ ಕಲ್ಲು ನಿಲ್ಲಿಸಿ, ಭೂಮಿ ದತ್ತಿ ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಸೆಣಸುವ ಚಿತ್ರ. ಜೊತೆಗೆ ಕನ್ನಡದ ಬರಹ. ಸಾಕಿದ ಪ್ರಾಣಿಯ ರೂಪದ ಜೊತೆ ಅದರ ಗುಣವನ್ನು ಅಕ್ಷರದಲ್ಲಿ ಇಡುವ ಕೆಲಸವನ್ನು ಕನ್ನಡದ ಕೈ ಸಾವಿರ ವರ್ಷದ ಹಿಂದೆಯೇ ಮಾಡಿದೆ. ಕಾಳಿ ಹಂದಿಯನ್ನು ಎದುರಿಸಿತು, ಮೋತ್ಯಾ ಬೆಕ್ಕಿಗೆ ದಾರಿ ಬಿಡುತ್ತದೆ. ಇಬ್ಬರೂ ತಮ್ಮ ಮನೆಯವರಿಗೆ ಬೇಕಾದವರೇ. ಕಾಳಿಗೆ ಕಲ್ಲು ಸಿಕ್ಕಿದ್ದು ಸತ್ತ ಮೇಲೆ. ಮೋತ್ಯಾನ ಪದ್ಯವನ್ನು ಮಕ್ಕಳು ಅದರ ಎದುರೇ ಹಾಡುತ್ತಾರೆ.

ಆ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ನಿಮ್ಮ ಮನೆಯ ನಾಯಿಗೋ ಬೆಕ್ಕಿಗೋ ಒಂದು ಪುಟ್ಟ ಚಿತ್ರ ಬರೆದರೆ, ಕೆಳಗೆ ಎರಡು ಸಾಲಾದರೂ ಕನ್ನಡದಲ್ಲಿ ಬರೆಯಿರಿ. ಹಿಂಬದಿಯಲ್ಲಿ ಅದರ ಹೆಸರು, ಊರು, ಇಸವಿ ಬರೆಯುವುದನ್ನು ಮರೆಯಬೇಡಿ.